ಜೀವಂತ ಹುಳುವಿನ ಬಣ್ಣ

ಹೂವಿನ ತೋಟದಲ್ಲಿ ಸುಳಿದಾಡುವ ಚಿಟ್ಟೆಯನ್ನೋ ಎಲೆಯ ಬೆನ್ನಿಗೆ ಅಂಟಿ ಕುಳಿತ ಜೀರುಂಡೆಯನ್ನೋ ಅದರ ಸಹಜವಾದ ಬಣ್ಣದೊಡನೆ ಅಂಗೈಯಗಲಕ್ಕೆ ಹಿಗ್ಗಿಸಿ ಚಿತ್ರದಲ್ಲಿ ತೋರಿಸುವುದು ಈಗ ಅಷ್ಟೇನೂ ವಿಸ್ಮಯದ ಕೆಲಸವಲ್ಲ. ಜೇಬಿನಲ್ಲಿಟ್ಟುಕೊಳ್ಳುವ ದೂರವಾಣಿಯೇ ಅದನ್ನು ಒಂದು ಮಟ್ಟಿಗೆ ಮಾಡಿಕೊಡುತ್ತದೆ. ಈ ಕಲೆಗೆ ಮ್ಯಾಕ್ರೋ ಛಾಯಾಚಿತ್ರಣವೆಂದು ಹೆಸರು. ಆ ಹೆಸರಿನ ಮೂಲರೂಪವನ್ನು ೧೮೯೯ರಲ್ಲಿ ವಾಮ್ಸ್‌ಲಿ ಎಂಬಾತನು ಬಳಕೆಗೆ ತಂದನು. ಕೆಲಸವು ಹೆಸರಿಗಿಂತ ಬಹಳ ಹಳೆಯದು. ಇದರ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಮಸೂರಗಳ ಮತ್ತು ಯಂತ್ರಗಳ ವಂಶಾವಳಿಯನ್ನು ಕೊಟ್ಟು ಮುಗಿಸಿಬಿಡುವರು. ವಂಶಾವಳಿಯೂ ಬೇಕಾದದ್ದೇ. ಆದರೆ ಅದರ ಒಳಗೆ ಇನ್ನೊಂದು ಎಳೆ ಮೊದಲಿನಿಂದಲೂ ಹರಿದುಬಂದಿದೆ. ಹುಳುವಿನ ರೂಪವನ್ನು ಪಡೆಯಬೇಕಾದರೆ ಅದರ ಪ್ರಾಣವನ್ನು ತೆಗೆಯಲೇಬೇಕೆ ಎಂಬ ಪ್ರಶ್ನೆಯೇ ಆ ಎಳೆ. ಇದು ಕೇವಲ ದಯೆಯ ಪ್ರಶ್ನೆಯಲ್ಲ. ಸತ್ತ ಹುಳುವಿನ ಚಿತ್ರವು ಎಷ್ಟರ ಮಟ್ಟಿಗೆ ಆ ಹುಳುವಿನ ಚಿತ್ರ ಎಂಬ ಸತ್ಯಾಸತ್ಯದ ಪ್ರಶ್ನೆಯೂ ಹೌದು. ಬಣ್ಣದ ವಿಷಯಕ್ಕೆ ಬಂದಾಗಲಂತೂ ಇದನ್ನು ತಪ್ಪಿಸಿಕೊಂಡು ಹೋಗುವಂತೆಯೇ ಇಲ್ಲ.

ಅದಕ್ಕೆ ಕಾರಣವನ್ನು ಮೊದಲು ಹೇಳಬೇಕು. ಹುಳುಗಳ ಬಣ್ಣವು ಎರಡು ಬಗೆಯಾಗಿ ಉಂಟಾಗುವುದು. ಒಂದು, ಚರ್ಮದೊಳಗೋ ರೆಕ್ಕೆಯ ಹುರುಪೆಗಳೊಳಗೋ ಇರುವ ವರ್ಣದ್ರವ್ಯದಿಂದ. ಬಟ್ಟೆಗೆ ಹಾಕಿದ ಬಣ್ಣದಂತೆ. ಇನ್ನೊಂದು, ಮೈಮೇಲಿನ ಅತಿ ತೆಳುವಾದ ಪದರಗಳ ರಚನೆಯಿಂದ. ನೀರಿನ ಮೇಲೆ ಹರಡಿದ ಎಣ್ಣೆಯ ಪೊರೆಯಲ್ಲಿ ಕಾಮನಬಿಲ್ಲು ಮೂಡುವಂತೆ. ಈ ಎರಡನೆಯದರಲ್ಲಿ ಬಣ್ಣದ ವಸ್ತುವೆಂಬುದೇ ಇಲ್ಲ. ಪದರಗಳಿಂದ ಹಿಂದಿರುಗುವ ಬೆಳಕಿನ ಅಲೆಗಳು ಒಂದರೊಡನೊಂದು ಕೂಡಿ ಕೆಲವು ಬಣ್ಣಗಳು ಬಲಿಯುವುವು, ಕೆಲವು ಅಳಿಯುವುವು. ಇಂತಹ ರಚನೆಯು ಒಣಗಿದ ಗಟ್ಟಿ ಕವಚದಲ್ಲಿ ನೆಲೆಸಿದ್ದರೆ ಆ ಬಣ್ಣಕ್ಕೆ ಸಾವಿನ ಭಯವಿಲ್ಲ. ಜಪಾನಿನ ನಾರಾ ಪ್ರಾಂತದ ಹೋರ್ಯೂಜಿ ದೇವಾಲಯದಲ್ಲಿ ೭ನೆಯ ಶತಮಾನದ ಒಂದು ಚಿಕ್ಕ ಗುಡಿಯ ಮಂಟಪವಿದೆ. ಅದರ ಲೋಹದ ಕುಸುರಿಯ ಅಡಿಯಲ್ಲಿ ಹೊಳೆಯುವ ಜೀರುಂಡೆಗಳ ರೆಕ್ಕೆಕವಚಗಳನ್ನು ಹಾಸಿದ್ದರು. ಅವುಗಳಲ್ಲಿ ಬಹುಪಾಲು ಉದುರಿಹೋಗಿದ್ದರೂ ಉಳಿದ ಕೆಲವು ಇನ್ನೂ ಬಣ್ಣಗೆಟ್ಟಿಲ್ಲ. ಇಷ್ಟೇ ಏಕೆ? ಜರ್ಮನಿಯ ಮೆಸೆಲ್ ಗಣಿಯಲ್ಲಿ ಸುಮಾರು ೪ ಕೋಟಿ ೭೦ ಲಕ್ಷ ವರ್ಷಗಳ ಹಿಂದಿನ ಜೀರುಂಡೆಗಳು ನೀಲಿ ಹಸುರು ಹೊಳಪಿನೊಡನೆಯೇ ಕಲ್ಲಿನೊಳಗಿಂದ ಹೊರಬಂದಿವೆ.

ಎಲ್ಲ ಹುಳುಗಳ ಭಾಗ್ಯವೂ ಹೀಗಲ್ಲ. ನಮ್ಮ ತೋಟಗಳಲ್ಲಿ ಗೆಣಸಿನ ಬಳ್ಳಿಯ ಎಲೆಗಳನ್ನು ಮಗುಚಿ ನೋಡಿದರೆ ಪುಟ್ಟ ಆಮೆಯ ಆಕಾರದ, ಅಪ್ಪಟ ಚಿನ್ನದ ಬಣ್ಣದ ಒಂದು ಜೀರುಂಡೆ ಕಾಣಸಿಗುವುದು. ಅದನ್ನು ಹಿಡಿದು ಬೆಂಕಿಪೊಟ್ಟಣದಲ್ಲಿ ಬಚ್ಚಿಟ್ಟ ಹುಡುಗರಿಗೆಲ್ಲ ಈ ಸಂಗತಿ ಗೊತ್ತು: ಹುಳು ಸತ್ತ ಮೇಲೆ ಪೊಟ್ಟಣದಲ್ಲಿ ಉಳಿಯುವುದು ಮಾಸಲು ಕಂದುಬಣ್ಣದ ಒಂದು ಚಿಪ್ಪು ಮಾತ್ರ. ಅದರ ಚಿನ್ನವು ಕವಚದ ಪದರಗಳ ನಡುವಿನ ತೇವವನ್ನು ಆಶ್ರಯಿಸಿರುವುದು. ತೇವವು ಆರಿದರೆ ಚಿನ್ನವೂ ಆರುವುದು. ನೀರಿನ ತೊಟ್ಟಿಯ ಬಳಿ ಸುಳಿಯುವ, ಮಕ್ಕಳು ಏರೋಪ್ಲೇನ್ ಚಿಟ್ಟೆಯೆಂದು ಕರೆಯುವ ಕೀಟದ ಕೆಂಪು ನೀಲಿಗಳೂ ಬಹುಮಟ್ಟಿಗೆ ಹೀಗೆಯೇ. ಅವು ತೆಳುವಾದ ಚರ್ಮದ ಅಡಿಯಲ್ಲಿರುವ ಜೀವಕೋಶಗಳಲ್ಲಿ ಇರತಕ್ಕವಾದ್ದರಿಂದ ಕೋಶಗಳು ಕೊಳೆಯತೊಡಗಿದೊಡನೆ ಕಪ್ಪಿಡುವುವು. ಆದಕಾರಣ ಈ ಬಗೆಯ ಹುಳುವಿನ ನಿಜವಾದ ಬಣ್ಣವನ್ನು ನೋಡಬೇಕೆನ್ನುವವನು ಅದನ್ನು ಜೀವಂತವಾಗಿಯೇ ನೋಡಬೇಕು. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಚರಿತ್ರೆಯ ಕಡೆಗೆ ತಿರುಗೋಣ.

೧೬೬೫ರಲ್ಲಿ ಲಂಡನ್ ನಗರದಲ್ಲಿ ರಾಬರ್ಟ್ ಹುಕ್ ಎಂಬ ವಿಜ್ಞಾನಿಯ 'ಮೈಕ್ರೋಗ್ರಾಫಿಯಾ' ಎಂಬ ಗ್ರಂಥವು ಪ್ರಕಟವಾಯಿತು. ಹುಕ್ಕನಿಗೆ ಆಗ ಇನ್ನೂ ೩೦ ವರ್ಷ ತುಂಬಿರಲಿಲ್ಲ. ರಾಯಲ್ ಸೊಸೈಟಿಯಲ್ಲಿ ಪ್ರಯೋಗಗಳನ್ನು ನಡೆಸಿ ತೋರಿಸುವುದು ಅವನ ಉದ್ಯೋಗ. ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ತಾನೇ ಬರೆದು ತಾಮ್ರದ ತಗಡುಗಳ ಮೇಲೆ ಕೊರೆಯಿಸಿದ ೩೮ ಚಿತ್ರಫಲಕಗಳು ಅದರಲ್ಲಿದ್ದುವು. ಚಿಗಟದ ಚಿತ್ರವು ಪುಸ್ತಕದ ಪುಟಕ್ಕೆ ಹಿಡಿಸದೆ ಮಡಿಸಿ ಇಡಬೇಕಾಗುವಷ್ಟು ದೊಡ್ಡದು. ದಿನಚರಿಗೆ ಹೆಸರಾದ ಸ್ಯಾಮ್ಯುಯೆಲ್ ಪೀಪ್ಸನು ಈ ಪುಸ್ತಕವನ್ನು ಹಿಡಿದು ರಾತ್ರಿ ಎರಡು ಗಂಟೆಯವರೆಗೆ ಕುಳಿತಿದ್ದನೆಂದರೆ ಅದು ಎಷ್ಟು ಹೊಸದಾಗಿ ಕಂಡಿರಬೇಕೆಂಬುದನ್ನು ಊಹಿಸಬಹುದು. ಪ್ರತಿಯೊಬ್ಬನ ಹಾಸಿಗೆಯಲ್ಲಿಯೂ ಇದ್ದ ಪ್ರಾಣಿಯನ್ನು ಯಾರೊಬ್ಬನೂ ಅದುವರೆಗೆ ಹಾಗೆ ಕಂಡಿರಲಿಲ್ಲ.

ಈ ಗ್ರಂಥದಲ್ಲಿ ಇರುವೆಯ ಪ್ರಕರಣವೊಂದಿದೆ. ಪುಸ್ತಕದ ಪ್ರಾಣಿಗಳಲ್ಲೆಲ್ಲ ತನ್ನನ್ನು ಹೆಚ್ಚು ಗೋಳುಹುಯ್ದುಕೊಂಡದ್ದು ಇರುವೆಯೇ ಎಂದು ಹುಕ್ ಹೇಳಿಕೊಳ್ಳುತ್ತಾನೆ. ಜೀವಂತವಾಗಿದ್ದಾಗ ಅದರ ಕಾಲುಗಳನ್ನು ಮೇಣದಲ್ಲೋ ಅಂಟಿನಲ್ಲೋ ಸಿಕ್ಕಿಸಿದರೆ ಅದು ಮೈಯನ್ನು ಹೇಗೆ ಹೇಗೋ ತಿರುಚಿಕೊಂಡು ಒದ್ದಾಡುವುದು. ಕೊಂದರೆ ಅದರ ದೇಹವು ನೋಡಿ ಮುಗಿಸುವಷ್ಟರಲ್ಲಿಯೇ ಮುದುಡಿ ಆಕಾರಗೆಡುವುದು. ಇಷ್ಟು ಚಿಕ್ಕ ದೇಹಗಳಲ್ಲಿ ಪ್ರಾಣವು ಹೋಗುತ್ತಲೇ ಅವಯವಗಳು ಸುಕ್ಕಿ ಚೆಲುವೂ ಹೊರಟುಹೋಗುವುದೆಂದು ಅವನು ಕಂಡುಕೊಂಡನು. ಕೊನೆಗೆ ಇರುವೆಗೆ ಬ್ರಾಂಡಿಯನ್ನು ಕುಡಿಸಿದನು! ಅದು ಅಮಲೇರಿ ಕೈಕಾಲು ಚಾಚಿ ಬಿದ್ದುಕೊಂಡಿತು. ಆಗ ಅದನ್ನು ಬೇಕಾದ ಭಂಗಿಯಲ್ಲಿಟ್ಟು ಸಾವಧಾನವಾಗಿ ಬರೆದನು. ಸುಮಾರು ಒಂದು ಗಂಟೆಯ ಹೊತ್ತು ಹಾಗೆ ಬಿದ್ದಿದ್ದು, ಆಮೇಲೆ ಥಟ್ಟನೆ ಎಚ್ಚೆತ್ತು, ಇರುವೆ ಓಡತೊಡಗಿತು. ಈ ಪ್ರಯೋಗವನ್ನು ಅವನು ಮತ್ತೆ ಮತ್ತೆ ಮಾಡಿದನಂತೆ. ಓದುವವರಿಗೆ ಇದು ನಗೆಯ ಪ್ರಸಂಗವಾಗಿ ತೋರಬಹುದು. ಆದರೆ ಮುಂದಿನ ಮುನ್ನೂರು ವರ್ಷಗಳ ಕೀಟಚಿತ್ರಕಾರರ ಎಲ್ಲ ಕಷ್ಟವೂ ಈ ಒಂದು ಪ್ರಕರಣದಲ್ಲಿ ಅಡಗಿದೆ: ಬದುಕಿರುವ ಹುಳು ನಿಲ್ಲದು, ಕಟ್ಟಿದ ಹುಳು ಸಹಜವಾಗಿರದು, ಸತ್ತ ಹುಳು ಹುಳುವಾಗಿ ಉಳಿಯದು.

ಬೆಳಕಿನ ವಿಷಯದಲ್ಲಿಯೂ ಅವನ ಮಾತು ಗಮನಿಸತಕ್ಕದ್ದು. ನೊಣದ ಕಣ್ಣು ಒಂದು ಬೆಳಕಿನಲ್ಲಿ ತೂತು ಕೊರೆದ ಜಾಲಂದ್ರದಂತೆ ಕಾಣುವುದು; ಬಿಸಿಲಿನಲ್ಲಿ ಚಿನ್ನದ ಮೊಳೆಗಳನ್ನು ಬಡಿದ ಹಲಗೆಯಂತೆ; ತುಸು ತಿರುಗಿಸಿದರೆ ಗೋಪುರಗಳ ಸಾಲಿನಂತೆ. ಹಾಗಾದರೆ ಅದರ ನಿಜವಾದ ಆಕಾರವಾವುದು? ಬೇರೆ ಬೇರೆ ಬೆಳಕುಗಳಲ್ಲಿ ಅನೇಕ ಸಲ ನೋಡಿ, ನಿಜವಾದ ಆಕಾರವು ಖಚಿತವಾದ ಮೇಲಲ್ಲದೆ ತಾನು ಲೇಖನಿಯನ್ನು ಹಿಡಿಯುತ್ತಿರಲಿಲ್ಲವೆಂದು ಅವನು ಹೇಳುತ್ತಾನೆ. ಎಂದರೆ ಅವನ ಚಿತ್ರವು ಒಂದು ನೋಟದ ಪ್ರತಿಯಲ್ಲ. ಹತ್ತಾರು ನೋಟಗಳನ್ನು ಕೂಡಿಸಿ ತೆಗೆದ ತೀರ್ಮಾನ. ನವಿಲುಗರಿಯ ಬಣ್ಣವು ಅದನ್ನು ನೀರಿನಲ್ಲಿ ನೆನೆಸಿದಾಗ ಮಾಯವಾಗುವುದನ್ನು ಕಂಡು, ಅದು ತೆಳುಪದರಗಳಿಂದ ಹುಟ್ಟಿದ್ದೆಂದು ಊಹಿಸಿದವನೂ ಇವನೇ. ಇಷ್ಟಾದರೂ ಅವನ ಫಲಕಗಳು ಕಪ್ಪು ಬಿಳುಪಿನವು. ಬಣ್ಣದ ಮರ್ಮವನ್ನು ಬಲ್ಲವನಿಗೆ ಬಣ್ಣವನ್ನು ಅಚ್ಚುಹಾಕುವ ಉಪಾಯವಿರಲಿಲ್ಲ.

ಬಣ್ಣವನ್ನು ಕೊಟ್ಟವಳು ಒಬ್ಬ ಹೆಂಗಸು. ಫ್ರಾಂಕ್‌ಫರ್ಟಿನಲ್ಲಿ ೧೬೪೭ರಲ್ಲಿ ಹುಟ್ಟಿದ ಮರಿಯಾ ಸಿಬಿಲ್ಲಾ ಮೆರಿಯಾನ್ ೧೩ ವರ್ಷದ ಹುಡುಗಿಯಾಗಿದ್ದಾಗಲೇ ರೇಷ್ಮೆಹುಳುಗಳನ್ನು ಸಾಕಿ ನೋಡತೊಡಗಿದಳು. ಮದುವೆಯಾಗಿ ನ್ಯೂರೆಂಬರ್ಗಿನಲ್ಲಿ ನೆಲೆಸಿದ ಮೇಲೆ ತೋಟಗಳಿಂದ ಕಂಬಳಿಹುಳುಗಳನ್ನು ಆಯ್ದು ತಂದು, ಅವಕ್ಕೆ ಬೇಕಾದ ಸೊಪ್ಪನ್ನು ಹಾಕಿ ಸಾಕಿ, ಮೊಟ್ಟೆಯಿಂದ ಚಿಟ್ಟೆಯವರೆಗಿನ ಅವಸ್ಥೆಗಳನ್ನೆಲ್ಲ ಅವು ತಿನ್ನುವ ಗಿಡದ ಮೇಲೆಯೇ ಬರೆದಳು. ೫೦ ಫಲಕಗಳ ಅವಳ ಮೊದಲ ಕೀಟಗ್ರಂಥವು ೧೬೭೯ರಲ್ಲಿ ಹೊರಬಂದಿತು. ಕೊಳ್ಳುವವರು ಹೆಚ್ಚಿನ ಬೆಲೆ ಕೊಟ್ಟರೆ ಫಲಕಗಳಿಗೆ ಕೈಯಿಂದ ಬಣ್ಣ ತುಂಬಿ ಕೊಡುತ್ತಿದ್ದರು. ೫೨ ವರ್ಷದ ವಯಸ್ಸಿನಲ್ಲಿ ಅವಳು ಕಿರಿಯ ಮಗಳನ್ನು ಕರೆದುಕೊಂಡು ದಕ್ಷಿಣ ಅಮೇರಿಕದ ಸುರಿನಾಮಿಗೆ ಹಡಗು ಹತ್ತಿದ ಸಾಹಸವೂ, ಅಲ್ಲಿನ ಹುಳುಗಳನ್ನು ಕುರಿತ ೧೭೦೫ರ ಮಹಾಗ್ರಂಥವೂ ಪ್ರಸಿದ್ಧವಾದುವು. ಅವನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಅಲ್ಲಿಂದ ತಂದ ಪ್ರಾಣಿಗಳಲ್ಲಿ ಕೆಲವನ್ನು ಕೆಡದಂತೆ ಅವಳೂ ಬ್ರಾಂಡಿಯಲ್ಲಿ ಇಟ್ಟಿದ್ದಳೆಂಬುದನ್ನು ಮಾತ್ರ ಹೇಳಬಹುದು. ಆ ದ್ರವವು ಕೀಟಶಾಸ್ತ್ರಕ್ಕೆ ಮಾಡಿದ ಉಪಕಾರ ಸಾಮಾನ್ಯವಲ್ಲ. ಮೆರಿಯಾನಳ ಹಿರಿಮೆ ಇರುವುದು ಬೇರೆಡೆಯಲ್ಲಿ. ಹುಳುವನ್ನು ಸೂಜಿಗೆ ಚುಚ್ಚಿ ಸಾಲಾಗಿ ಜೋಡಿಸಿ ಬರೆಯುತ್ತಿದ್ದ ಕಾಲದಲ್ಲಿ, ಅದನ್ನು ಅದರ ಮನೆಯಲ್ಲಿಯೇ, ತಿನ್ನುತ್ತ ತೆವಳುತ್ತ ಇರುವಂತೆ ನೋಡಬೇಕೆಂದು ಅವಳು ತೋರಿಸಿಕೊಟ್ಟಳು. ಆದರೂ ಕೈಬರಹದ ಬಣ್ಣವು ಬರೆಯುವವರ ನೆನಪಿನ ಬಣ್ಣ. ಒಂದು ಪ್ರತಿಯಂತೆ ಇನ್ನೊಂದಿರದು.

ಕೈಯ ಸಹಾಯವಿಲ್ಲದೆ ಬೆಳಕೇ ಚಿತ್ರವನ್ನು ಬರೆಯುವಂತೆ ಮಾಡಬೇಕೆಂಬ ಹಂಬಲವು ೧೯ನೆಯ ಶತಮಾನದ ಆರಂಭದಲ್ಲಿ ತಲೆದೋರಿತು. ಅದರ ಮೊದಲ ಯತ್ನಗಳಲ್ಲಿಯೇ ಚಿಕ್ಕ ವಸ್ತುಗಳ ಚಿತ್ರಣವೂ ಸೇರಿದ್ದುದು ಕುತೂಹಲದ ಸಂಗತಿ. ೧೮೦೨ರಲ್ಲಿ ಟಾಮಸ್ ವೆಜ್‌ವುಡ್ ಮತ್ತು ಹಂಫ್ರಿ ಡೇವಿ ಎಂಬವರು ಬೆಳ್ಳಿಯ ಲವಣವನ್ನು ಸವರಿದ ಕಾಗದದ ಮೇಲೆ ನೆರಳುಗಳನ್ನು ಹಿಡಿದರು. ಡೇವಿಯು ಸೂರ್ಯಸೂಕ್ಷ್ಮದರ್ಶಕದಿಂದ ಚಿಕ್ಕ ವಸ್ತುಗಳ ರೂಪವನ್ನೂ ಪಡೆದನು. ಆದರೆ ಅವು ನಿಲ್ಲಲಿಲ್ಲ; ಬೆಳಕಿಗೆ ತಂದೊಡನೆ ಕಾಗದವೆಲ್ಲ ಕಪ್ಪಾಗುತ್ತಿತ್ತು. ಅವನ್ನು ನಿಲ್ಲಿಸಿದವರಲ್ಲಿ ಮುಖ್ಯನಾದ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ಎಂಬಾತನು ಇಂಗ್ಲೆಂಡಿನ ಲೇಕಾಕ್ ಗ್ರಾಮದ ತನ್ನ ಮನೆಯಲ್ಲಿ ಸುಮಾರು ೧೮೪೦ರ ಹೊತ್ತಿಗೆ ಕೀಟಗಳ ರೆಕ್ಕೆಗಳ ಚಿತ್ರಗಳನ್ನು ತೆಗೆದನು. ಸೂರ್ಯಸೂಕ್ಷ್ಮದರ್ಶಕವೆಂದರೆ ಕಿಟಕಿಯ ಬಾಗಿಲಿಗೆ ಕನ್ನಡಿಯನ್ನು ಅಳವಡಿಸಿ, ಬಿಸಿಲನ್ನು ಕತ್ತಲೆಯ ಕೋಣೆಯೊಳಕ್ಕೆ ತಿರುಗಿಸಿ, ಮಸೂರಗಳ ಮೂಲಕ ಚಿಕ್ಕ ವಸ್ತುವಿನ ದೊಡ್ಡ ಬಿಂಬವನ್ನು ಎದುರಿಗೆ ಬೀಳಿಸುವ ಸಾಧನ. ಬಿಸಿಲನ್ನು ಒಂದೆಡೆ ಕೂಡಿಸಿದರೆ ಶಾಖವೂ ಕೂಡುವುದಷ್ಟೆ. ಅಲ್ಲದೆ ಬೆಳಕು ವಸ್ತುವಿನ ಮೂಲಕ ಹಾಯ್ದು ಬರಬೇಕು. ಹಾಗಾಗಿ ಟಾಲ್ಬಟನಿಗೆ ದಕ್ಕಿದ್ದು ಹುಳುವಲ್ಲ, ಹುಳುವಿನಿಂದ ಕಿತ್ತ ಪಾರದರ್ಶಕವಾದ ರೆಕ್ಕೆ. ಎಲೆಯ ನರಗಳಂತೆ ಕವಲೊಡೆದ ಅದರ ರೇಖೆಗಳು. ಬಣ್ಣದ ಮಾತಂತೂ ದೂರ.

ಮೈಯೆಲ್ಲ ತುಂಬಿದ ಹುಳುವನ್ನು ಕ್ಯಾಮೆರಾದಲ್ಲಿ ದೊಡ್ಡದಾಗಿ ಹಿಡಿಯುವುದಕ್ಕೆ ಅಡ್ಡಿಯಾದದ್ದು ಒಂದು ಸರಳವಾದ ಗಣಿತ. ವಸ್ತುವನ್ನು ಅದರ ನಿಜವಾದ ಗಾತ್ರದಲ್ಲಿಯೇ ಫಲಕದ ಮೇಲೆ ಮೂಡಿಸಬೇಕಾದರೆ ಮಸೂರವನ್ನು ಫಲಕದಿಂದ ಅದರ ಸಂಗಮದೂರದ ಎರಡರಷ್ಟು ದೂರಕ್ಕೆ ಒಯ್ಯಬೇಕು; ಐದರಷ್ಟು ದೊಡ್ಡದಾಗಿ ಬೇಕಾದರೆ ಆರರಷ್ಟು ದೂರಕ್ಕೆ. ದೂರವು ಬೆಳೆದಂತೆ ಬೆಳಕು ಹರಡಿ ತೆಳುವಾಗುವುದು. ನಿಜಗಾತ್ರದ ಚಿತ್ರಕ್ಕೆ ಸಾಮಾನ್ಯ ಚಿತ್ರದ ನಾಲ್ಕರಷ್ಟು ಬೆಳಕು ಬೇಕು. ಐದರಷ್ಟು ದೊಡ್ಡ ಚಿತ್ರಕ್ಕೆ ೩೬ರಷ್ಟು. ಹತ್ತರಷ್ಟು ದೊಡ್ಡದಕ್ಕೆ ೧೨೧ರಷ್ಟು. ಇದರ ಮೇಲೆ ಇನ್ನೊಂದು ತೊಡಕು. ಹತ್ತಿರ ಹೋದಷ್ಟೂ ಸ್ಪಷ್ಟವಾಗಿ ಕಾಣುವ ಆಳವು ಕುಗ್ಗುತ್ತ ಬಂದು, ನಿಜಗಾತ್ರದಲ್ಲಿ ಒಂದೆರಡು ಮಿಲಿಮೀಟರಿಗೆ ಇಳಿಯುವುದು. ಹುಳುವಿನ ಕಣ್ಣು ಸ್ಪಷ್ಟವಾದರೆ ಬೆನ್ನು ಮಸುಕು, ಬೆನ್ನು ಸ್ಪಷ್ಟವಾದರೆ ಕಣ್ಣು ಮಸುಕು. ಆಳವನ್ನು ಹೆಚ್ಚಿಸಲು ಮಸೂರದ ಬಾಯನ್ನು ಕಿರಿದು ಮಾಡಿದರೆ ಬೆಳಕು ಮತ್ತೂ ಕಡಮೆಯಾಗುವುದು. ಬೆಳಕು ಕಡಮೆಯಾದರೆ ಹೊತ್ತು ಹೆಚ್ಚು ಬೇಕು. ಅಷ್ಟು ಹೊತ್ತು ಯಾವ ಹುಳು ತಾನೆ ಮೀಸೆ ಅಲುಗಿಸದೆ ಕುಳಿತೀತು?

ಈ ಗಣಿತವನ್ನು ಎದುರಿಸಿ ಒಂದು ಇಡೀ ಪುಸ್ತಕವನ್ನೇ ಹೊರತಂದವರು ಅಮೇರಿಕದ ಡೇವಿಡ್ ಫೇರ್‌ಚೈಲ್ಡ್ ಮತ್ತು ಆತನ ಪತ್ನಿ ಮೇರಿಯನ್. ಈತನ ಕಸುಬು ಕೀಟಶಾಸ್ತ್ರವಲ್ಲ. ಅಮೇರಿಕದ ಕೃಷಿ ಇಲಾಖೆಯ ಪರವಾಗಿ ದೇಶದೇಶಗಳನ್ನು ಸುತ್ತಿ ಉಪಯುಕ್ತವಾದ ಸಸ್ಯಗಳನ್ನು ತಂದು ಅಲ್ಲಿ ನೆಲೆಗೊಳಿಸುವುದು. ಮೇರಿಯನ್ ದೂರವಾಣಿಯ ನಿರ್ಮಾಪಕನಾದ ಅಲೆಗ್ಸಾಂಡರ್ ಗ್ರಹಾಂ ಬೆಲ್ಲನ ಮಗಳು. ೧೯೦೫ರಲ್ಲಿ ಮದುವೆಯಾದ ದಂಪತಿಗಳು ವಾಷಿಂಗ್ಟನ್ ನಗರದ ಹೊರವಲಯದಲ್ಲಿ, ಮೇರಿಲ್ಯಾಂಡಿನ ಚೆವಿ ಚೇಸಿನಲ್ಲಿ, ಮರಗಳ ನಡುವೆ ಮನೆ ಕಟ್ಟಿಕೊಂಡು ತೋಟ ಮಾಡಿದರು. ಆ ತೋಟದ ಮಿಡತೆ, ಜೇಡ, ಕಣಜ, ಕಂಬಳಿಹುಳುಗಳೇ ಅವರ ಚಿತ್ರಗಳ ನಾಯಕರು. ಹಲವು ಅಡಿ ಉದ್ದದ, ಕೊಳವೆಯಂತಹ ಕ್ಯಾಮೆರಾಗಳನ್ನು ಮಾಡಿಸಿ ಅವರು ತೆಗೆದ ಚಿತ್ರಗಳು ೧೯೧೩ರಲ್ಲಿ ನ್ಯಾಷನಲ್ ಜಿಯಗ್ರಾಫಿಕ್ ಪತ್ರಿಕೆಯಲ್ಲಿ ಕಾಣಿಸಿಕೊಂಡು, ಮರುವರ್ಷ 'ಬುಕ್ ಆಫ್ ಮಾನ್ಸ್ಟರ್ಸ್', ಎಂದರೆ ರಾಕ್ಷಸರ ಪುಸ್ತಕ, ಎಂಬ ಹೆಸರಿನಿಂದ ಗ್ರಂಥರೂಪದಲ್ಲಿ ಬಂದುವು.

ಹೆಸರು ಹಾಸ್ಯದ್ದಾದರೂ ಪುಸ್ತಕದ ನೋಟವು ಹೊಸದು. ಅಲ್ಲಿಯವರೆಗೆ ಹುಳುವನ್ನು ಮೇಲಿನಿಂದ, ಬೆನ್ನು ಕಾಣುವಂತೆ, ರೆಕ್ಕೆ ಹರಡಿ ತೋರಿಸುವುದು ವಾಡಿಕೆ. ಮನುಷ್ಯನು ನಿಂತು ಕೆಳಗೆ ನೋಡಿದಾಗ ಕಾಣುವ ರೀತಿ. ಫೇರ್‌ಚೈಲ್ಡ್ ಕ್ಯಾಮೆರಾವನ್ನು ಹುಳುವಿನ ಮುಖದ ಮಟ್ಟಕ್ಕೆ ಇಳಿಸಿದನು. ಮಿಡತೆಯು ಎದುರಿನಿಂದ ಕುದುರೆಯಂತೆ ಮುಖವೆತ್ತಿ ನಿಂತಿತು. ಜೇಡವು ಎಂಟು ಕಣ್ಣುಗಳಿಂದ ಓದುವವನನ್ನೇ ನೋಡಿತು. ಇಂದಿನ ಕೀಟಚಿತ್ರಗಳಲ್ಲೆಲ್ಲ ಕಾಣುವ ಮುಖಾಮುಖಿಯ ಭಂಗಿಗೆ ಮೂಲವನ್ನು ಹುಡುಕುವವರು ಈ ಪುಸ್ತಕವನ್ನು ತಪ್ಪದೆ ನೋಡಬೇಕು. ಆದರೆ ಅದರ ಗುಟ್ಟೊಂದುಂಟು. ಆ ರಾಕ್ಷಸರಲ್ಲಿ ಹೆಚ್ಚಿನವರು ಸತ್ತವರು. ಹುಳುವನ್ನು ಕೊಂದು, ಮೈ ಸೆಟೆಯುವ ಮೊದಲು ಮೇಣ ಸವರಿದ ಮರದ ತುಂಡಿನ ಮೇಲೆ ಅದರ ಕಾಲುಗಳನ್ನು ಒಂದೊಂದಾಗಿ ಊರಿಸಿ, ಬದುಕಿರುವಂತೆ ನಿಲ್ಲಿಸಿ ಚಿತ್ರ ತೆಗೆಯುವುದು ಅವರ ಕ್ರಮ. ಹುಕ್ ಬೇಸತ್ತು ಕೈಬಿಟ್ಟ ಮೇಣವು ೨೫೦ ವರ್ಷಗಳ ತರುವಾಯ ಹೀಗೆ ಹಿಂದಿರುಗಿ ಬಂದಿತು. ಅವರು ಈ ಕ್ರಮವನ್ನು ಮುಚ್ಚಿಡಲಿಲ್ಲ, ಪುಸ್ತಕದಲ್ಲಿಯೇ ವಿವರಿಸಿದರು. ಅದಕ್ಕಾಗಿ ಅವರನ್ನು ಮೆಚ್ಚಬೇಕು. ಕಪ್ಪು ಬಿಳುಪಿನ ಚಿತ್ರವಾದುದರಿಂದ ಬಣ್ಣವು ಮಾಸಿದ್ದು ಯಾರಿಗೂ ತಿಳಿಯುವಂತಿರಲಿಲ್ಲ ಎಂಬುದನ್ನೂ ಜೊತೆಯಲ್ಲಿ ಹೇಳಬೇಕು. ಕಪ್ಪು ಬಿಳುಪು ಸಾವನ್ನು ಮರೆಸಿತು.

ಇದೇ ಕಾಲದಲ್ಲಿ ಇಂಗ್ಲೆಂಡಿನ ಪರ್ಸಿ ಸ್ಮಿತ್ ಎಂಬಾತನು ನೊಣವೊಂದರ ಬೆನ್ನನ್ನು ಹಿಡಿದಿರಿಸಿ, ಅದು ಅಂಗಾತನಾಗಿ ಕಾಲುಗಳಿಂದ ಚೆಂಡನ್ನು ತಿರುಗಿಸುವುದನ್ನು ಚಲಚ್ಚಿತ್ರದಲ್ಲಿ ತೋರಿಸಿ ಜನರನ್ನು ಬೆರಗುಗೊಳಿಸಿದನು. ನೊಣವು ಜೀವಂತವಾದದ್ದೇ, ಸ್ವತಂತ್ರವಾದದ್ದಲ್ಲ.

ಇನ್ನು ಬಣ್ಣದ ಛಾಯಾಚಿತ್ರದ ಕಥೆ. ಮೊದಲ ಛಾಯಾಫಲಕಗಳು ನೀಲಿ ಮತ್ತು ನೇರಿಳೆಯ ಬೆಳಕಿಗೆ ಮಾತ್ರ ಕಣ್ತೆರೆಯುತ್ತಿದ್ದುವು. ಕೆಂಪು ಹುಳು ಅವಕ್ಕೆ ಕಪ್ಪು, ಹಳದಿ ಚಿಟ್ಟೆಯೂ ಹೆಚ್ಚುಕಡಮೆ ಕಪ್ಪು. ಫಲಕಕ್ಕೆ ಕೆಲವು ಬಣ್ಣಗಳನ್ನು ಬೆರಸಿದರೆ ಅದು ಬೇರೆ ಬೆಳಕಿಗೂ ಎಚ್ಚೆತ್ತುಕೊಳ್ಳುವುದೆಂದು ಜರ್ಮನಿಯ ಹರ್ಮನ್ ಫೋಗೆಲ್ ೧೮೭೩ರಲ್ಲಿ ಕಂಡುಹಿಡಿದನು. ೧೮೯೧ರಲ್ಲಿ ಪ್ಯಾರಿಸ್ಸಿನ ಗೇಬ್ರಿಯಲ್ ಲಿಪ್‌ಮನ್ ಎಂಬ ಭೌತವಿಜ್ಞಾನಿಯು ಯಾವ ಬಣ್ಣವನ್ನೂ ಬಳಸದೆ ಬಣ್ಣದ ಚಿತ್ರವನ್ನು ತೆಗೆದು ತೋರಿಸಿದನು. ಅವನ ಉಪಾಯವು ನಮ್ಮ ವಿಷಯಕ್ಕೆ ಬಹು ಹತ್ತಿರದ್ದು. ಅತಿ ನಯವಾದ ಫಲಕದ ಬೆನ್ನಿಗೆ ಪಾದರಸವನ್ನು ನಿಲ್ಲಿಸಿದನು. ಒಳಬಂದ ಬೆಳಕಿನ ಅಲೆಯು ಪಾದರಸದ ಕನ್ನಡಿಗೆ ತಾಗಿ ಹಿಂದಿರುಗಿ, ಬರುವ ಅಲೆಯೊಡನೆ ಸೇರಿ ಫಲಕದೊಳಗೆ ನಿಂತ ಅಲೆಯಾಯಿತು. ಅಲೆಯು ಬಲವಾಗಿದ್ದಲ್ಲೆಲ್ಲ ಬೆಳ್ಳಿಯ ತೆಳುಪದರಗಳು ಅರ್ಧ ಅಲೆಯುದ್ದದ ಅಂತರದಲ್ಲಿ ಮೂಡಿದುವು. ಆಮೇಲೆ ಬಿಳಿಯ ಬೆಳಕಿನಲ್ಲಿ ಹಿಡಿದು ನೋಡಿದರೆ ಆ ಪದರಗಳು ತಮ್ಮನ್ನು ಮೂಡಿಸಿದ ಬಣ್ಣವನ್ನೇ ತಿರುಗಿ ಕೊಡುವುವು. ಇದು ಜೀರುಂಡೆಯ ಕವಚವು ಅನಾದಿಕಾಲದಿಂದ ಮಾಡುತ್ತ ಬಂದ ಕೆಲಸವಲ್ಲದೆ ಬೇರೆಯಲ್ಲ. ಜೀರುಂಡೆಯಂತೆಯೇ ಲಿಪ್‌ಮನ್ನನ ಫಲಕವೂ ಸರಿಯಾದ ಓರೆಯಿಂದ ನೋಡಿದರೆ ಮಾತ್ರ ಬಣ್ಣ ಬಿಡುವುದು. ಇದಕ್ಕಾಗಿ ಅವನಿಗೆ ೧೯೦೮ರಲ್ಲಿ ನೊಬೆಲ್ ಬಹುಮಾನವೂ ಬಂದಿತು. ಆದರೆ ಆ ಫಲಕಕ್ಕೆ ಅತಿ ದೀರ್ಘಕಾಲ ಬೆಳಕು ಬೇಕಾಗಿತ್ತು. ಅದರಿಂದ ಪ್ರತಿ ತೆಗೆಯುವಂತೆಯೂ ಇರಲಿಲ್ಲ. ಹುಳುವಿನ ಬಣ್ಣದ ತಂತ್ರವನ್ನೇ ಅನುಸರಿಸಿದ ಛಾಯಾಚಿತ್ರವು ಬದುಕಿರುವ ಹುಳುವನ್ನು ಮಾತ್ರ ಹಿಡಿಯಲಾರದಾಯಿತು.

ಜನಬಳಕೆಗೆ ಬಂದದ್ದು ಲ್ಯೂಮಿಯೇರ್ ಸಹೋದರರು ೧೯೦೭ರಲ್ಲಿ ಮಾರಾಟಕ್ಕೆ ತಂದ ಆಟೋಕ್ರೋಮ್ ಫಲಕ. ಬಣ್ಣಗಟ್ಟಿದ ಆಲೂಗೆಡ್ಡೆಯ ಹಿಟ್ಟಿನ ಕಣಗಳನ್ನು ಗಾಜಿನ ಮೇಲೆ ಹರಡಿ ಮಾಡಿದ್ದು ಅದು. ತೋಟದ ಹೂವುಗಳಿಗೆ ಅದು ಚೆನ್ನಾಗಿ ಒದಗಿತು. ಆದರೆ ಒಳ್ಳೆಯ ಬಿಸಿಲಿನಲ್ಲಿಯೂ ಸೆಕೆಂಡುಗಟ್ಟಲೆ ಹೊತ್ತು ಬೇಕಾದ್ದರಿಂದ, ಮೇಲೆ ಹೇಳಿದ ಗಣಿತವೂ ಸೇರಿಕೊಂಡು, ಹುಳುವಿನ ಪಾಲಿಗೆ ಮತ್ತೆ ಸೂಜಿಯೂ ಪೆಟ್ಟಿಗೆಯೂ ಗತಿಯಾದುವು. ಬಣ್ಣವು ಬಂದಿತು, ಆದರೆ ಬಣ್ಣಗೆಡದ ಸತ್ತ ಹುಳುಗಳಿಗೆ ಮಾತ್ರ ಬಂದಿತು. ಹಳೆಯ ವರ್ಣಚಿತ್ರಗಳಲ್ಲಿ ಚಿಟ್ಟೆ ಜೀರುಂಡೆಗಳಿಗೆ ಹೆಚ್ಚಿನ ಪಾಲು ಸಿಕ್ಕಿ, ಏರೋಪ್ಲೇನ್ ಚಿಟ್ಟೆಯಂತಹವಕ್ಕೆ ಅಷ್ಟಾಗಿ ಸಿಕ್ಕದಿದ್ದುದಕ್ಕೆ ಇದೂ ಒಂದು ಕಾರಣವೆಂದು ನನ್ನ ಎಣಿಕೆ.

೧೯೩೫ರಲ್ಲಿ ಕೋಡಕ್ರೋಮ್ ಎಂಬ ವರ್ಣಫಿಲ್ಮು ಬಂದಿತು. ಮರುವರ್ಷ ಅದು ೩೫ ಮಿಲಿಮೀಟರಿನ ಸಣ್ಣ ಕ್ಯಾಮೆರಾಗಳಿಗೂ ದೊರೆಯಿತು. ಅದನ್ನು ಕಂಡುಹಿಡಿದ ಮ್ಯಾನ್ಸ್ ಮತ್ತು ಗೊಡೌಸ್ಕಿ ಇಬ್ಬರೂ ಸಂಗೀತಗಾರರೆಂಬುದು ವಿನೋದದ ಸಂಗತಿ. ಅದೇ ೧೯೩೬ರಲ್ಲಿ ಜರ್ಮನಿಯ ಡ್ರೆಸ್ಡೆನ್ನಿನಿಂದ ಕಿನೆ ಎಕ್ಸಾಕ್ಟಾ ಎಂಬ ಕ್ಯಾಮೆರಾ ಹೊರಟಿತು. ಅದರಲ್ಲಿ ಒಂದು ಕನ್ನಡಿಯ ಮೂಲಕ, ಚಿತ್ರವನ್ನು ತೆಗೆಯುವ ಮಸೂರದಿಂದಲೇ ನೋಡಬಹುದಾಗಿತ್ತು. ಇದರ ಮಹತ್ವವು ದೂರದ ಬೆಟ್ಟವನ್ನು ತೆಗೆಯುವವನಿಗೆ ತಿಳಿಯದು. ಬೇರೊಂದು ಕಿಂಡಿಯಿಂದ ನೋಡುವ ಕ್ಯಾಮೆರಾದಲ್ಲಿ, ಗೇಣು ದೂರದ ಹುಳುವನ್ನು ನೋಡಿ ಗುಂಡಿ ಒತ್ತಿದರೆ ಬರುವುದು ಪಕ್ಕದ ಎಲೆಯ ಚಿತ್ರ. ಕನ್ನಡಿಯ ಕ್ಯಾಮೆರಾ, ಹಿಗ್ಗಿಸುವ ತಿದಿ, ವರ್ಣಫಿಲ್ಮು ಈ ಮೂರನ್ನೂ ಕೈಯಲ್ಲಿ ಹಿಡಿದು ಮೊದಲ ಬಾರಿಗೆ ಮನುಷ್ಯನು ಹುಳುವಿನ ಬಳಿಗೆ ತಾನೇ ಹೋಗುವಂತಾಯಿತು. ಹುಳುವನ್ನು ತನ್ನ ಮೇಜಿಗೆ ತರಬೇಕಾಗಿರಲಿಲ್ಲ. ತಿದಿಯ ತೊಡಕೂ ಇಲ್ಲದೆ ಹತ್ತಿರದ ವಸ್ತುವಿನವರೆಗೆ ತಾನೇ ಹೊಂದಿಕೊಳ್ಳುವ ಕಿಲ್‌ಫಿಟ್ ಕಂಪೆನಿಯ ಮ್ಯಾಕ್ರೋ ಮಸೂರವು ೧೯೫೫ರಲ್ಲಿ ಬಂದಿತು.

ಆದರೆ ಬೆಳಕಿನ ಸಾಲವು ತೀರಿರಲಿಲ್ಲ. ಮೊದಲಿನ ಕೋಡಕ್ರೋಮು ಬಹಳ ನಿಧಾನವಾದ ಫಿಲ್ಮು. ಆ ಸಾಲವನ್ನು ತೀರಿಸಿದ್ದು ಮಿಂಚು. ಅಮೇರಿಕದ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಹೆರಲ್ಡ್ ಎಡ್ಜರ್ಟನ್ ೧೯೩೦ರ ದಶಕದಲ್ಲಿ, ವಾಯು ತುಂಬಿದ ಗಾಜಿನ ಕೊಳವೆಯಲ್ಲಿ ವಿದ್ಯುತ್ತನ್ನು ಒಮ್ಮೆಗೇ ಹರಿಯಬಿಟ್ಟು, ಅತಿ ಅಲ್ಪಕಾಲದ ಅತಿ ತೀವ್ರವಾದ ಬೆಳಕನ್ನು ಹುಟ್ಟಿಸುವ ವಿಧಾನವನ್ನು ರೂಢಿಗೆ ತಂದನು. ಇದರಿಂದ ಹಳೆಯ ಗಣಿತವೆಲ್ಲ ತಲೆಕೆಳಗಾಯಿತು. ಮಸೂರದ ಬಾಯನ್ನು ಕಿರಿದು ಮಾಡಿಯೂ ಸಾಕಷ್ಟು ಬೆಳಕು ಸಿಕ್ಕಿತು. ಆ ಬೆಳಕು ಸೆಕೆಂಡಿನ ಅತ್ಯಲ್ಪ ಭಾಗ ಮಾತ್ರ ಇದ್ದುದರಿಂದ ಹುಳು ಅಲುಗಿದರೂ ಚಿತ್ರ ಅಲುಗಲಿಲ್ಲ. ಹುಕ್ಕನ ಬ್ರಾಂಡಿಯೂ ಫೇರ್‌ಚೈಲ್ಡನ ಮೇಣವೂ ಒಟ್ಟಿಗೆ ಬೇಡವಾದದ್ದು ಇಲ್ಲಿ. ಇಂಗ್ಲೆಂಡಿನ ಸ್ಟೀಫನ್ ಡಾಲ್ಟನ್ ೧೯೭೦ರ ದಶಕದಲ್ಲಿ ಸೆಕೆಂಡಿನ ೨೫,೦೦೦ನೆಯ ಒಂದು ಪಾಲಿನಷ್ಟು ಅಲ್ಪವಾದ ಮಿಂಚಿನಿಂದ, ಹಾರುತ್ತಿರುವ ಕೀಟವೇ ಬೆಳಕಿನ ಕಿರಣವನ್ನು ಕಡಿದು ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುವಂತೆ ಏರ್ಪಡಿಸಿದನು. ೧೯೭೫ರಲ್ಲಿ ಪ್ರಕಟವಾದ ಅವನ ಪುಸ್ತಕದಲ್ಲಿ, ರೆಕ್ಕೆ ಬಡಿಯುವ ನಡುವಿನ ಕ್ಷಣಗಳಲ್ಲಿ ಕೀಟದೇಹವು ಹೇಗೆ ಬಾಗುವುದೆಂಬುದನ್ನು ಬಣ್ಣದಲ್ಲಿ ನೋಡಬಹುದು.

ಮಿಂಚೂ ದೋಷವಿಲ್ಲದ್ದಲ್ಲ. ಅದರ ಗಡುಸಾದ ಬೆಳಕಿನಲ್ಲಿ ಜೀರುಂಡೆಯ ಬೆನ್ನಿನ ಮೇಲೆ ಬಿಳಿಯ ಚುಕ್ಕೆಯೊಂದು ಕುಳಿತು ಸುತ್ತಣ ಬಣ್ಣವನ್ನು ನುಂಗಿಬಿಡುವುದು. ಹಿನ್ನೆಲೆಯು ಹಗಲಿನಲ್ಲಿಯೂ ಅಮಾವಾಸ್ಯೆಯಂತೆ ಕಪ್ಪಾಗುವುದು. ತೆಳುಪದರಗಳ ಬಣ್ಣವು ಬೆಳಕಿನ ದಿಕ್ಕಿನೊಡನೆ ಬದಲಾಗುವುದೆಂದು ಮೇಲೆ ಹೇಳಿದೆನಷ್ಟೆ. ಹಾಗಾದರೆ ಒಂದೇ ದಿಕ್ಕಿನ ಮಿಂಚಿನಲ್ಲಿ ಕಂಡ ನೀಲಿಯು ಹುಳುವಿನದೋ ಮಿಂಚಿನದೋ? ಕಾಗದವನ್ನೋ ತೆಳುಬಟ್ಟೆಯನ್ನೋ ಅಡ್ಡ ಹಿಡಿದು ಬೆಳಕನ್ನು ಮೆತ್ತಗೆ ಮಾಡುವುದು ಈಗ ಎಲ್ಲರೂ ಬಲ್ಲ ಉಪಾಯ. ನೊಣದ ಕಣ್ಣನ್ನು ಕುರಿತು ಹುಕ್ ಕೇಳಿದ ಪ್ರಶ್ನೆಯಾದರೋ ಹಾಗೆಯೇ ಇದೆ.

ಫಿಲ್ಮಿನ ಕಾಲವು ಮುಗಿದು, ಅಂಕರೂಪದ ಚಿತ್ರಗಳ ಕಾಲವು ಬಂದ ಮೇಲೆ (ಕೋಡಕ್ರೋಮಿನ ತಯಾರಿಕೆಯೂ ೨೦೦೯ರಲ್ಲಿ ನಿಂತುಹೋಯಿತು) ಆಳದ ತೊಡಕಿಗೆ ಹೊಸದೊಂದು ಪರಿಹಾರವು ಬಳಕೆಗೆ ಬಂದಿತು. ಹುಳುವಿನ ಹತ್ತಿರದ ತುದಿಯಿಂದ ದೂರದ ತುದಿಯವರೆಗೆ ಕೂದಲೆಳೆಯಷ್ಟು ಮುಂದುವರಿಯುತ್ತ ಹತ್ತಾರು ನೂರಾರು ಚಿತ್ರಗಳನ್ನು ತೆಗೆದು, ಪ್ರತಿಯೊಂದರಲ್ಲಿ ಸ್ಪಷ್ಟವಾದ ಭಾಗವನ್ನು ಮಾತ್ರ ಆಯ್ದು ಗಣಕಯಂತ್ರದಿಂದ ಒಂದಾಗಿ ಹೆಣೆಯುವುದು. ಇದರ ಪರಾಕಾಷ್ಠೆಯನ್ನು ಬ್ರಿಟನ್ನಿನ ಲೆವೊನ್ ಬಿಸ್ ಎಂಬ ಛಾಯಾಚಿತ್ರಕಾರನು ೨೦೧೬ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಕೃತಿಕ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶಿಸಿದನು. ಆತನಿಗೆ ಈ ಹುಚ್ಚು ಹತ್ತಿದ್ದು, ಮಗನು ತೋಟದಲ್ಲಿ ಹಿಡಿದು ತಂದ ಒಂದು ಜೀರುಂಡೆಯಿಂದ. ಪ್ರದರ್ಶನದ ಒಂದೊಂದು ಕೀಟವನ್ನೂ ಸುಮಾರು ೩೦ ಭಾಗಗಳಾಗಿ ಎಣಿಸಿ, ಪ್ರತಿ ಭಾಗಕ್ಕೂ ಅದಕ್ಕೊಪ್ಪುವ ಬೆಳಕನ್ನು ಬೇರೆಯಾಗಿ ಹೊಂದಿಸಿ, ೮,೦೦೦ಕ್ಕೂ ಮೇಲ್ಪಟ್ಟು ಚಿತ್ರಗಳನ್ನು ಕೂಡಿಸಿ ಒಂದು ಚಿತ್ರವನ್ನು ಮಾಡಿದನು. ಆಳೆತ್ತರವನ್ನು ಮೀರಿದ ಆ ಚಿತ್ರಗಳಲ್ಲಿ ಕವಚದ ಒಂದೊಂದು ಕುಳಿಯೂ ಒಂದೊಂದು ರೋಮವೂ ಎಣಿಸುವಂತೆ ಕಾಣುವುದು. ನೋಡುವವನು ಮೂಕನಾಗುವನೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅವು ಸಂಗ್ರಹಾಲಯದ ಪೆಟ್ಟಿಗೆಯ ಹುಳುಗಳು. ಸತ್ತಮೇಲೂ ಬಣ್ಣಗೆಡದ ಜಾತಿಯವೇ ಅವುಗಳಲ್ಲಿ ಮುಂದಾಗಿ ನಿಂತಿವೆ. ಆ ಚಿತ್ರದಲ್ಲಿ ಕಾಣುವಂತೆ ಇಡೀ ಹುಳುವು ಯಾವ ಒಂದು ಕ್ಷಣದಲ್ಲಿಯೂ ಯಾರ ಕಣ್ಣಿಗೂ ಕಂಡದ್ದಲ್ಲ. ಅನೇಕ ನೋಟಗಳನ್ನು ಕೂಡಿಸಿದ ತೀರ್ಮಾನವೆಂದು ಹುಕ್ಕನ ಫಲಕಗಳನ್ನು ಕುರಿತು ಹೇಳಿದ ಮಾತೇ ಇದಕ್ಕೂ ಒಪ್ಪುವುದು. ಕೈಯ ಬದಲು ಯಂತ್ರವು ಬರೆಯಿತು, ಅಷ್ಟೆ.

ಇದೇ ತಂತ್ರವನ್ನು ತೋಟದಲ್ಲಿ ಜೀವಂತ ಹುಳುವಿನ ಮೇಲೆ ನಡಸುವವರು ಈಗ ಬಹುಮಂದಿ ಇದ್ದಾರೆ. ಆದರೆ ನೂರು ಚಿತ್ರ ತೆಗೆಯುವಷ್ಟು ಹೊತ್ತು ಹುಳು ಅಲುಗದೆ ಇರಬೇಕು. ಮಿಂಚಿನಿಂದ ತಪ್ಪಿದ್ದ ನಿಶ್ಚಲತೆಯ ಕಾಟವು ಹೀಗೆ ಮತ್ತೆ ಕಾಣಿಸಿಕೊಂಡಿತು. ಅದರೊಡನೆ ಹಳೆಯ ಪ್ರಲೋಭನೆಗಳೂ ಬಂದುವು. ಹುಳುವನ್ನು ಶೀತಪೆಟ್ಟಿಗೆಯಲ್ಲಿಟ್ಟು ಜಡಗೊಳಿಸಿ ತಂದು ಹೂವಿನ ಮೇಲೆ ಕೂರಿಸುವವರುಂಟು. ಸತ್ತದ್ದನ್ನು ಕೊಂಬೆಗೆ ಅಂಟಿಸಿ, ಮೇಲೆ ನೀರು ಚಿಮುಕಿಸಿ, ಇಬ್ಬನಿಯ ಮುಂಜಾವೆಂದು ಹೇಳುವವರೂ ಉಂಟು. ಫೇರ್‌ಚೈಲ್ಡ್ ದಂಪತಿಗಳು ಮೇಣದ ಮಾತನ್ನು ಪುಸ್ತಕದಲ್ಲಿ ಅಚ್ಚುಹಾಕಿಸಿದರು, ಇವರು ಹೇಳುವುದಿಲ್ಲ. ನೋಡುವವರಿಗೆ ಮೋಸವನ್ನು ಹಿಡಿಯಲು ಒಂದು ದಾರಿಯುಂಟು. ಏರೋಪ್ಲೇನ್ ಚಿಟ್ಟೆಯ ಹೊಟ್ಟೆಯ ಕೆಂಪು ಕಂದಿ ಕಪ್ಪಿಟ್ಟಿದ್ದರೆ, ಗೆಣಸಿನೆಲೆಯ ಜೀರುಂಡೆಯು ಚಿನ್ನವಿಲ್ಲದೆ ಕಂದಾಗಿದ್ದರೆ, ಆ ಚಿತ್ರವು ಏನನ್ನು ತೋರಿಸುತ್ತಿದೆಯೆಂದು ಸಂಶಯಪಡಬಹುದು. ಸಂಶಯವೇ ಹೊರತು ನಿರ್ಣಯವಲ್ಲ. ಆ ಜೀರುಂಡೆಯ ಜಾತಿಯಲ್ಲಿ ಕೆಲವು ಹೆದರಿದಾಗ ಬದುಕಿರುವಂತೆಯೇ ಚಿನ್ನವನ್ನು ಕಳೆದುಕೊಂಡು, ಆಮೇಲೆ ತಿರುಗಿ ಪಡೆಯುವುದುಂಟು.

ಸೂರ್ಯೋದಯಕ್ಕೆ ಮುಂಚೆಯೇ ಎದ್ದು ತೋಟಕ್ಕೆ ಹೋಗುವವನಿಗೆ ಈ ಉಪಾಯಗಳಾವುವೂ ಬೇಡ. ಕೀಟಗಳ ಮೈಯ ಶಾಖವು ಸುತ್ತಣ ಹವೆಯನ್ನು ಅನುಸರಿಸುವುದಾದ್ದರಿಂದ ರಾತ್ರಿಯ ತಂಪಿನಲ್ಲಿ ಅವು ತಾವಾಗಿಯೇ ಜಡವಾಗಿ, ಹುಲ್ಲಿನ ಎಸಳನ್ನು ಕಚ್ಚಿಕೊಂಡೋ ಕೊಂಬೆಯ ತುದಿಯನ್ನು ಹಿಡಿದುಕೊಂಡೋ ನಿದ್ರಿಸುತ್ತಿರುವುವು. ಗಾಳಿಯೂ ಆಗ ಎದ್ದಿರುವುದಿಲ್ಲ. ಬಿಸಿಲು ಮೈಗೆ ತಾಗಿ, ಅವು ರೆಕ್ಕೆಗಳನ್ನು ನಡುಗಿಸಿ ಹಾರಲು ಅಣಿಯಾಗುವ ಮೊದಲು ಸಿಕ್ಕುವ ಹೊತ್ತು ಹೆಚ್ಚೆಂದರೆ ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ. ಹುಕ್ಕನ ಇರುವೆಯು ಅಮಲಿನಲ್ಲಿ ಬಿದ್ದಿದ್ದ ಹೊತ್ತೂ ಹೆಚ್ಚುಕಡಮೆ ಅಷ್ಟೇ.